ಕ್ರಿಸ್ತಜನನದ ಕಥನವನ್ನು ಅದರ ಕಾಲದಲ್ಲಿಟ್ಟು ಓದುವ ಬಗೆ

ಕ್ರಿಸ್‌ಮಸ್ ಹಬ್ಬದ ಗೋದಲಿಯಲ್ಲಿ, ಅಂದರೆ ಯೇಸುವಿನ ಜನನವನ್ನು ತೋರಿಸುವ ಗೊಂಬೆಗಳ ದೃಶ್ಯದಲ್ಲಿ, ಕುರುಬರೂ ಮೂಡಣ ದೇಶದ ಜೋಯಿಸರೂ ಅಕ್ಕಪಕ್ಕ ನಿಂತಿರುತ್ತಾರೆ. ಆದರೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ಸುವಾರ್ತೆಗಳಲ್ಲಿ ಕುರುಬರು ಬರುವುದು ಲೂಕನ ಸುವಾರ್ತೆಯಲ್ಲಿ ಮಾತ್ರ, ಜೋಯಿಸರು ಬರುವುದು ಮತ್ತಾಯನಲ್ಲಿ ಮಾತ್ರ. ಅವರು ಮೂವರೆಂದು ಮತ್ತಾಯ ಎಲ್ಲಿಯೂ ಹೇಳಿಲ್ಲ. ಆದ್ದರಿಂದ ಮೊದಲು ಈ ಎರಡು ಕಥನಗಳನ್ನು ಬಿಡಿಸಿಕೊಂಡು, ಎರಡೂ ಸುವಾರ್ತೆಗಳ 2ನೆಯ ಅಧ್ಯಾಯವನ್ನು ಬೇರೆಬೇರೆಯಾಗಿ ಓದಬೇಕು. ಓದುವಾಗ ಆಳುವವರ ಹೆಸರು ಬಂದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಲೂಕನಲ್ಲಿ ರೋಮಿನ ಚಕ್ರವರ್ತಿ ಔಗುಸ್ತ ಮತ್ತು ಅವನ ಅಧಿಕಾರಿ ಕುರೇನ್ಯ, ಮತ್ತಾಯನಲ್ಲಿ ಯೂದಾಯದ ಅರಸ ಹೆರೋದ ಮತ್ತು ಅವನ ಮಗ ಅರ್ಖೆಲಾಯ ಸಿಗುತ್ತಾರೆ.

ಎಲ್ಲರೂ ಬಲ್ಲ ಹೆರೋದನಿಂದ ಆರಂಭಿಸಬಹುದು. ಅವನು ಯೂದಾಯದ ದಕ್ಷಿಣಕ್ಕಿದ್ದ ಇದುಮಾಯ ಮೂಲದವನು, ಕ್ರಿ.ಪೂ. 40ರಲ್ಲಿ ರೋಮಿನ ಸೆನೆಟ್ ಅವನಿಗೆ ಅರಸನ ಪದವಿ ಕೊಟ್ಟಿತು, ರೋಮಿನ ಸೈನ್ಯದ ನೆರವಿನಿಂದ ಕ್ರಿ.ಪೂ. 37ರಲ್ಲಿ ಅವನು ಯೆರೂಸಲೇಮನ್ನು ವಶಪಡಿಸಿಕೊಂಡ. ಇಷ್ಟು ತಿಳಿದ ಮೇಲೆ, ಯೆಹೂದ್ಯರ ಅರಸನಾಗಿ ಹುಟ್ಟಿದವನು ಎಲ್ಲಿ ಎಂದು ಜೋಯಿಸರು ಅವನ ರಾಜಧಾನಿಯಲ್ಲಿಯೇ ವಿಚಾರಿಸುವುದು ಎಷ್ಟು ಅಪಾಯಕಾರಿ ಪ್ರಶ್ನೆಯೆಂಬುದು ಅರ್ಥವಾಗುತ್ತದೆ: ಹೆರೋದ ಅರಸನಾಗಿ ಹುಟ್ಟಿದವನಲ್ಲ, ಅರಸನಾಗಿ ನೇಮಕಗೊಂಡವನು. ಸಿಂಹಾಸನದ ಮೇಲಿನ ಸಂಶಯದಿಂದ ಅವನು ತನ್ನ ಮೂವರು ಗಂಡುಮಕ್ಕಳನ್ನೇ ಕೊಲ್ಲಿಸಿದನೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಹೆರೋದ ಮಾಡಿಸಿದನೆಂದು ಮತ್ತಾಯ ಹೇಳುವ ಬೇತ್ಲೆಹೇಮಿನ ಕೂಸುಗಳ ವಧೆಯನ್ನು ಮಾತ್ರ ಜೋಸೆಫಸ್ ಹೇಳುವುದಿಲ್ಲ. ಈ ಮೌನದಿಂದ ಘಟನೆ ನಡೆದೇ ಇಲ್ಲವೆಂದು ತೀರ್ಮಾನಿಸಲಾಗದು, ಹೆರೋದನ ಕ್ರೌರ್ಯವನ್ನು ತೋರಿಸಿ ನಡೆದೇ ನಡೆಯಿತೆಂದು ಸಾಧಿಸಲೂ ಆಗದು. ಮತ್ತಾಯನ ಮೊದಲ ಓದುಗರಿಗೆ ಆ ಹೆಸರು ಏನನ್ನು ನೆನಪಿಸುತ್ತಿತ್ತು ಎಂಬುದನ್ನು ಇತಿಹಾಸ ಹೇಳಬಲ್ಲದು. ಅದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸಬಾರದು.

ಅರ್ಖೆಲಾಯನ ಹೆಸರಿನ ಮೇಲೆ ನಾವು ಸಾಮಾನ್ಯವಾಗಿ ಕಣ್ಣು ಹಾಯಿಸಿ ಮುಂದೆ ಹೋಗುತ್ತೇವೆ. ಹೆರೋದನಿಂದ ತಪ್ಪಿಸಿಕೊಂಡು ಹೋಗಿದ್ದ ಐಗುಪ್ತದಿಂದ ಮರಳುವ, ಮರಿಯಳ ಗಂಡ ಯೋಸೇಫನು, ಯೂದಾಯದಲ್ಲಿ ಹೆರೋದನ ಮಗ ಅರ್ಖೆಲಾಯ ಆಳುತ್ತಿದ್ದಾನೆಂದು ಕೇಳಿ ಅಲ್ಲಿಗೆ ಹೋಗಲು ಅಂಜಿದನೆಂಬ ಒಂದೇ ವಾಕ್ಯ ಅಲ್ಲಿದೆ. ಕ್ರಿ.ಪೂ. 4ರಲ್ಲಿ ಹೆರೋದ ಸತ್ತ ನಂತರದ ಯೆಹೂದ್ಯರ ಪಸ್ಕ ಹಬ್ಬದಲ್ಲಿ ಅರ್ಖೆಲಾಯನ ಸೈನಿಕರು ಸುಮಾರು 3,000 ಜನರನ್ನು ಕೊಂದರೆಂದು ಜೋಸೆಫಸ್ ದಾಖಲಿಸುತ್ತಾನೆ. ಅದನ್ನು ಓದಿ ಬಂದವರಿಗೆ ಯೋಸೇಫನ ಅಂಜಿಕೆಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇದೇ ಎಳೆ ಲೂಕನ ಕಡೆಗೂ ಹೋಗುತ್ತದೆ. ಕ್ರಿ.ಶ. 6ರಲ್ಲಿ ಔಗುಸ್ತನು ಅರ್ಖೆಲಾಯನನ್ನು ಪದಚ್ಯುತಗೊಳಿಸಿ ಯೂದಾಯವನ್ನು ನೇರವಾಗಿ ರೋಮಿನ ಆಡಳಿತಕ್ಕೆ ತಂದ. ಆಗ ತೆರಿಗೆಗಾಗಿ ಜನರನ್ನೂ ಆಸ್ತಿಯನ್ನೂ ನೋಂದಾಯಿಸಿದವನೇ ಸಿರಿಯದ ಅಧಿಪತಿ ಕುರೇನ್ಯ. ಯೇಸು ಹುಟ್ಟಿದ್ದು ಕುರೇನ್ಯನ ಖಾನೇಷುಮಾರಿಯ ಕಾಲದಲ್ಲೆಂದು ಲೂಕ ಹೇಳುವುದರಿಂದ ಇಲ್ಲೊಂದು ತೊಡಕಿದೆ. ಲೂಕನೇ 1ನೆಯ ಅಧ್ಯಾಯವನ್ನು ಹೆರೋದನ ಕಾಲದಲ್ಲಿ ಆರಂಭಿಸುತ್ತಾನೆ, ಹೆರೋದನ ಸಾವಿಗೂ ಈ ಖಾನೇಷುಮಾರಿಗೂ ನಡುವೆ ಸುಮಾರು ಹತ್ತು ವರ್ಷಗಳ ಅಂತರವಿದೆ. ಇದಕ್ಕಿಂತ ಹಿಂದೆ ಇನ್ನೊಂದು ಎಣಿಕೆ ನಡೆದಿರಬೇಕೆಂದು ಕೆಲವರು, ಲೂಕನೇ ಕಾಲವನ್ನು ಬೆರೆಸಿದ್ದಾನೆಂದು ಹಲವರು ವಾದಿಸುತ್ತಾರೆ; ವಾದ ಮುಗಿದಿಲ್ಲ. ತೊಡಕನ್ನು ಮುಚ್ಚಿಡದೆ ಹಾಗೆಯೇ ಇಟ್ಟುಕೊಂಡು, ಖಾನೇಷುಮಾರಿ ಕಥನದಲ್ಲಿ ಮಾಡುವ ಕೆಲಸವನ್ನು ಗಮನಿಸುವುದು ಮೇಲು. ಆ ಎಣಿಕೆಯ ವಿರುದ್ಧ ಗಲಿಲಾಯದ ಯೂದನು ದಂಗೆಯೆದ್ದ ಸಂಗತಿಯನ್ನು ಲೂಕನೇ ತನ್ನ ಇನ್ನೊಂದು ಪುಸ್ತಕವಾದ ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿ ನೆನಪಿಸಿಕೊಳ್ಳುತ್ತಾನೆ. ಅದೇ ಗಲಿಲಾಯದ ಯೋಸೇಫನು ಮಾತ್ರ ಹೆಸರು ಬರೆಸಲು ತುಂಬುಗರ್ಭಿಣಿ ಮರಿಯಳೊಡನೆ ಹೊರಡುತ್ತಾನೆ.

ಔಗುಸ್ತನ ವಿಷಯದಲ್ಲಿ ಒಂದು ಶಾಸನ ಸಾಕು. ಇಂದಿನ ಟರ್ಕಿಯ ಪ್ರಿಯೇನೆಯಲ್ಲಿ ಸಿಕ್ಕಿರುವ ಕ್ರಿ.ಪೂ. 9ರ ಶಾಸನವು ಅವನನ್ನು ರಕ್ಷಕನೆಂದು ಕೊಂಡಾಡಿ, ಅವನ ಜನ್ಮದಿನವೇ ಲೋಕಕ್ಕೆ ಶುಭಸಮಾಚಾರದ ಆರಂಭವೆನ್ನುತ್ತದೆ. ಅದನ್ನು ಓದಿ, ರಕ್ಷಕನು ಹುಟ್ಟಿದ್ದಾನೆಂಬ ಶುಭಸಮಾಚಾರವಾಗಿ ದೂತನು ಕುರುಬರಿಗೆ ಹೇಳಿದ ಮಾತನ್ನು ಮತ್ತೊಮ್ಮೆ ಓದಿರಿ.

ಕೊನೆಗೆ ಗೋದಲಿ, ಅಂದರೆ ಕೂಸನ್ನು ಮಲಗಿಸಿದ ದನದ ಮೇವಿನ ತೊಟ್ಟಿ. ಅಂದಿನ ಪ್ಯಾಲೆಸ್ಟೈನಿನ ಸಾಮಾನ್ಯರ ಮನೆಗಳಲ್ಲಿ ದನಕರುಗಳಿಗೂ ಒಳಗೇ ಜಾಗವಿರುತ್ತಿತ್ತು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ, ಎತ್ತರದ ಪಡಸಾಲೆಯಲ್ಲಿ ಜನ ಇರುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಹೀಗಾಗಿ ಗೋದಲಿಯಿದ್ದ ಜಾಗ ಊರಾಚೆಯ ಒಂಟಿ ಕೊಟ್ಟಿಗೆಯೇ ಆಗಬೇಕಿಲ್ಲ, ಕಿಕ್ಕಿರಿದ ಮನೆಯ ಒಂದು ಮೂಲೆಯೂ ಆಗಿರಬಹುದು. ಆ ಕುಟುಂಬದ ಬಡತನಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಲೂಕನ 2ನೆಯ ಅಧ್ಯಾಯದ 24ನೆಯ ವಚನದಲ್ಲಿದೆ: ಹೆರಿಗೆಯ ನಂತರದ ಶುದ್ಧೀಕರಣಕ್ಕೆ ಕುರಿಮರಿ ತರಲಾರದವರು ಎರಡು ಹಕ್ಕಿಗಳನ್ನು ಅರ್ಪಿಸಬಹುದೆಂದು ಯೆಹೂದ್ಯರ ಧರ್ಮಶಾಸ್ತ್ರದ ಭಾಗವಾದ ಯಾಜಕಕಾಂಡದ 12ನೆಯ ಅಧ್ಯಾಯ ಅನುಮತಿಸುತ್ತದೆ, ಲೂಕನು ಆ ಹಕ್ಕಿಗಳನ್ನಷ್ಟೇ ಹೆಸರಿಸುತ್ತಾನೆ.