ಮದುವೆ ಡಿವಿಡಿಯನ್ನು ಗೆರೆ ಬೀಳದಂತೆ ಎಂಪಿ4 ಮಾಡುವುದು ಹೇಗೆ?

ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹಾಗಾಗಿ ಬೀರುವಿನಲ್ಲಿದ್ದ ಮದುವೆ ಡಿವಿಡಿಯನ್ನು ಸಿಕ್ಕ ಸಾಫ್ಟ್‌ವೇರಿನಲ್ಲಿ ಎಂಪಿ4 ಮಾಡಿಕೊಂಡು ಮೂಲ ಡಿಸ್ಕನ್ನು ಎಸೆದುಬಿಡುವವರು ಬಹಳ. ದೊಡ್ಡ ಟಿವಿಯಲ್ಲಿ ಹಾಕಿದಾಗ ತಪ್ಪು ಕಾಣುತ್ತದೆ: ಯಾರಾದರೂ ಕೈ ಎತ್ತಿದರೆ ಸಾಕು, ಅಂಚಿನುದ್ದಕ್ಕೂ ಬಾಚಣಿಗೆ ಹಲ್ಲಿನಂಥ ಗೆರೆಗಳು. ಅಷ್ಟರಲ್ಲಿ ಡಿಸ್ಕ್ ಇರುವುದಿಲ್ಲ.

ಬೇಕಾದದ್ದು ಎರಡೇ: ಯುಎಸ್‌ಬಿ ಡಿವಿಡಿ ಡ್ರೈವ್ ಮತ್ತು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ. ಅದನ್ನು ಅದರದೇ ಜಾಲತಾಣದಿಂದ ಇಳಿಸಿಕೊಳ್ಳಿ. ‘ಫ್ರೀ ಕನ್ವರ್ಟರ್’ ಎಂದು ಹುಡುಕಿದರೆ ಸಿಗುವ ಹಲವು ತಂತ್ರಾಂಶಗಳು ವಿಡಿಯೊ ಮೇಲೆ ತಮ್ಮ ಹೆಸರನ್ನು ಒತ್ತುತ್ತವೆ, ಜೊತೆಗೆ ಬೇಡದ್ದನ್ನೂ ತುಂಬುತ್ತವೆ. ಆನ್‌ಲೈನ್ ಪರಿವರ್ತಕಗಳಂತೂ ಬೇಡವೇ ಬೇಡ. ಮನೆಮಂದಿಯ ವಿಡಿಯೊವನ್ನು ಗುರುತಿಲ್ಲದವರ ಸರ್ವರಿಗೆ ಯಾಕೆ ಕಳಿಸಬೇಕು?

ಮೊದಲು ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ. ಒಳಗಿರುವ ‘ವಿಡಿಯೊ ಟಿಎಸ್’ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ.

ಆ ಫೋಲ್ಡರಿನಲ್ಲಿ ವಿಡಿಯೊ ಇರುವುದು ವಿಒಬಿ ಎಂಬ ಫೈಲುಗಳಲ್ಲಿ. ಅವುಗಳ ಹೆಸರಿನ ಕೊನೆಯನ್ನು ‘ಎಂಪಿ4’ ಎಂದು ಬದಲಿಸಿದರೆ ಪರಿವರ್ತನೆ ಆಗುವುದಿಲ್ಲ. ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಚೀಟಿ ಅಂಟಿಸಿದ ಹಾಗೆ, ಒಳಗೆ ಡಿವಿಡಿಯ ಅದೇ ಹಳೆಯ ವಿಡಿಯೊ ರೂಪ ಎಂಪೆಗ್-2 ಇರುತ್ತದೆ. ಒಂದೊಂದು ವಿಒಬಿಯನ್ನೂ ಬೇರೆಬೇರೆಯಾಗಿ ಪರಿವರ್ತಿಸುವುದೂ ತಪ್ಪು. ಡಿವಿಡಿಯ ನಿಯಮದಂತೆ ಅವು 1 ಜಿಬಿಗೊಮ್ಮೆ ತುಂಡಾಗಿರುತ್ತವೆ, ಮಾತಿನ ನಡುವೆಯೇ ಕತ್ತರಿ ಬಿದ್ದಿರಬಹುದು. ಹ್ಯಾಂಡ್‌ಬ್ರೇಕಿಗೆ ಇಡೀ ಫೋಲ್ಡರನ್ನೇ ಕೊಡಿ, ಅದು ತೋರಿಸುವ ಟೈಟಲ್‌ಗಳಲ್ಲಿ (ಡಿಸ್ಕಿನಲ್ಲಿರುವ ಬೇರೆಬೇರೆ ವಿಡಿಯೊಗಳು) ಅತಿ ಉದ್ದದ್ದನ್ನು ಆರಿಸಿ. ಪ್ರೀಸೆಟ್‌ನಲ್ಲಿ, ಅಂದರೆ ಸಿದ್ಧ ಸೆಟ್ಟಿಂಗ್‌ಗಳಲ್ಲಿ, ‘ಫಾಸ್ಟ್ 576ಪಿ25’ ಇರಲಿ. ನಮ್ಮಲ್ಲಿಯ ಡಿವಿಡಿಗಳು ಸಾಮಾನ್ಯವಾಗಿ ಪಾಲ್ ಎಂಬ ಟಿವಿ ಪದ್ಧತಿಯವು: 720×576, ಸೆಕೆಂಡಿಗೆ 25 ಫ್ರೇಮ್. ಎಚ್‌ಡಿ ಆಗಲಿ ಎಂದು 1080 ಆರಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ, ಫೈಲ್ ಮಾತ್ರ ಊದುತ್ತದೆ. ಡೈಮೆನ್ಶನ್ಸ್‌ನಲ್ಲಿ ಅನಮಾರ್ಫಿಕ್ ‘ಆಟೊಮ್ಯಾಟಿಕ್’ ಇರಲಿ, ಇಲ್ಲದಿದ್ದರೆ ಮುಖಗಳು ಅಗಲವಾಗಬಹುದು.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಹಳೆಯ ಕ್ಯಾಮೆರಾಗಳು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುತ್ತಿರಲಿಲ್ಲ. ಮೊದಲು ಒಂದು ಬಿಟ್ಟೊಂದು ಸಾಲು, ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲೆ ಉಳಿದ ಸಾಲು. ಅಷ್ಟರಲ್ಲಿ ಎಸೆದ ಅಕ್ಷತೆ ಒಂದಿಷ್ಟು ಕೆಳಗೆ ಇಳಿದಿರುತ್ತದೆ. ಎರಡನ್ನೂ ಒಂದೇ ಫ್ರೇಮಿನಲ್ಲಿ ಹೆಣೆದಾಗ ಒಂದೊಂದು ಕಾಳೂ ಸೀಳಿದಂತೆ ಕಾಣುತ್ತದೆ. ಹಳೆಯ ಪೆಟ್ಟಿಗೆ ಟಿವಿ ಸಾಲುಗಳನ್ನು ಅದೇ ಸರದಿಯಲ್ಲಿ ತೋರಿಸುತ್ತಿದ್ದುದರಿಂದ ತೊಂದರೆ ಇರಲಿಲ್ಲ. ಇದನ್ನು ಬಿಡಿಸದೆ ಚಿತ್ರವನ್ನು ಹಿಗ್ಗಿಸಿದರೆ ಸಾಲುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಆಮೇಲೆ ಯಾವ ತಂತ್ರಾಂಶದಿಂದಲೂ ಅವನ್ನು ಸರಿಯಾಗಿ ಬೇರ್ಪಡಿಸಲಾಗದು.

ಆದ್ದರಿಂದ ಫಿಲ್ಟರ್ಸ್ ಟ್ಯಾಬಿಗೆ ಹೋಗಿ. ಹೆಣೆದ ಸಾಲುಗಳನ್ನು ಬಿಡಿಸುವ ಡೀಇಂಟರ್‌ಲೇಸ್‌ನಲ್ಲಿ ‘ಯಾಡಿಫ್’, ಅದರ ಪ್ರೀಸೆಟ್ ‘ಬಾಬ್’, ಇಂಟರ್‌ಲೇಸ್ ಡಿಟೆಕ್ಷನ್ ‘ಆಫ್’. ವಿಡಿಯೊ ಟ್ಯಾಬಿನಲ್ಲಿ ಫ್ರೇಮ್‌ರೇಟ್ 50, ‘ಕಾನ್‌ಸ್ಟಂಟ್’. ಹೀಗೆ ಮಾಡಿದರೆ ಪ್ರತಿ ಅರ್ಧಚಿತ್ರವೂ ಒಂದು ಪೂರ್ತಿ ಫ್ರೇಮ್ ಆಗಿ ಕುಣಿತ, ಮೆರವಣಿಗೆ ಎಲ್ಲ ನಯವಾಗಿ ಸಾಗುತ್ತವೆ. ಫ್ರೇಮ್‌ರೇಟ್ 25ರಲ್ಲೇ ಬಿಟ್ಟರೆ ಬಾಬ್ ಹಾಕಿದ್ದೂ ದಂಡ.

ಇಡೀ ಮೂರು ತಾಸು ಓಡಿಸುವ ಮೊದಲು ಪ್ರಿವ್ಯೂನಲ್ಲಿ ಅಕ್ಷತೆ ಹಾಕುವ ಭಾಗವನ್ನೇ ಹುಡುಕಿ 30 ಸೆಕೆಂಡ್ ಪರೀಕ್ಷಿಸಿ. ಎಲ್ಲರೂ ಸುಮ್ಮನೆ ನಿಂತ ಗ್ರೂಪ್ ಫೋಟೊ ದೃಶ್ಯದಲ್ಲಿ ದೋಷ ಕಾಣದು. ಕೈಗಳು ಹಿಂದೆ ಮುಂದೆ ನಡುಗಿದಂತೆ ಕಂಡರೆ ಎಡಿಟ್ ಮಾಡುವಾಗಲೇ ಸಾಲುಗಳ ಸರದಿ ಅದಲುಬದಲಾಗಿದೆ ಎಂದರ್ಥ. ಆಗ ಬಾಬ್ ಬದಲು ‘ಡೀಫಾಲ್ಟ್’, ಫ್ರೇಮ್‌ರೇಟ್ 25 ಮಾಡಿ. ನಯ ಸ್ವಲ್ಪ ಕಡಿಮೆಯಾದರೂ ನಡುಕ ಹೋಗುತ್ತದೆ.

ಗುಣಮಟ್ಟಕ್ಕೆ ಆರ್‌ಎಫ್ 18 ಇಡಿ. ಈ ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. 24, 25ಕ್ಕೆ ಹೋದರೆ ರೇಷ್ಮೆ ಸೀರೆಯ ಜರಿ ಅಂಚು ಕಲೆಕಲೆಯಾಗುತ್ತದೆ. ಎನ್‌ಕೋಡರ್ (ವಿಡಿಯೊ ಕುಗ್ಗಿಸುವ ಪದ್ಧತಿ) ಎಚ್.264 ಇರಲಿ, ಎಚ್.265 ಜಾಗ ಉಳಿಸಿದರೂ ಅದನ್ನು ಓದಲಾಗದ ಟಿವಿಗಳು ಇನ್ನೂ ಮನೆಗಳಲ್ಲಿವೆ. ಆಡಿಯೊ ಎಎಸಿ, ಸ್ಟೀರಿಯೊ, ಬಿಟ್‌ರೇಟ್ 160.

ಫೈಲ್ ಸಿದ್ಧವಾದ ಮೇಲೆ ಆರಂಭ, ನಡು, ಕೊನೆ ಮೂರು ಕಡೆ ನೋಡಿ. ಕೊನೆಯಲ್ಲಿ ನಾದಸ್ವರ ನಿಂತ ಮೇಲೂ ವಾದಕರ ಬೆರಳು ಆಡುತ್ತಿದ್ದರೆ ಧ್ವನಿ ಜಾರಿದೆ; ಸಾಮಾನ್ಯವಾಗಿ ಗೀಚು ಬಿದ್ದ ಡಿಸ್ಕಿನಿಂದ ಕಾಪಿ ಅರೆಬರೆಯಾಗಿರುತ್ತದೆ. ಬೇರೆ ಡ್ರೈವಿನಲ್ಲಿ ಮತ್ತೊಮ್ಮೆ ಕಾಪಿ ಮಾಡಿ.

ಕೈಯಲ್ಲಿರುವುದು ಡಿವಿಡಿಯಲ್ಲ, ಒಳಗೆ ಎಚ್.264 ಇರುವ ಎಂಕೆವಿ ಫೈಲ್ ಎಂದಾದರೆ ಇಷ್ಟೆಲ್ಲ ಬೇಡ. ಆವಿಡೆಮಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೊ, ಆಡಿಯೊ ಎರಡಕ್ಕೂ ‘ಕಾಪಿ’, ಔಟ್‌ಪುಟ್‌ಗೆ ‘ಎಂಪಿ4 ಮಕ್ಸರ್’ ಆರಿಸಿ ಸೇವ್ ಮಾಡಿ. ಒಳಗಿನ ವಿಡಿಯೊ ಹಾಗೇ ಉಳಿದು ಹೊರಗಿನ ಡಬ್ಬಿ ಮಾತ್ರ ಎಂಕೆವಿಯಿಂದ ಎಂಪಿ4ಗೆ ಬದಲಾಗುವುದರಿಂದ ಗುಣಮಟ್ಟ ಕಿಂಚಿತ್ತೂ ಕೆಡದು. ಇದೇ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಬಳಸಬೇಡಿ, ಅದು ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡಿಯೇ ಮಾಡುತ್ತದೆ.

ಪೆನ್‌ಡ್ರೈವಿಗೆ ಹಾಕುವಾಗ ಜಾಗ ಇದ್ದರೂ ‘ಫೈಲ್ ತುಂಬ ದೊಡ್ಡದು’ ಎಂಬ ಸಂದೇಶ ಬಂದರೆ ಅದು ಫ್ಯಾಟ್32 ಫಾರ್ಮ್ಯಾಟಿನ 4 ಜಿಬಿ ಮಿತಿ. ಟಿವಿ ಒಪ್ಪುವುದಾದರೆ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಒಪ್ಪದಿದ್ದರೆ ಹ್ಯಾಂಡ್‌ಬ್ರೇಕಿನಲ್ಲಿ ಚಾಪ್ಟರ್ ಆಯ್ದು ಮುಹೂರ್ತ, ಆರತಕ್ಷತೆ ಎಂದು ಎರಡು ಫೈಲ್ ಮಾಡಿಕೊಳ್ಳಿ. ಮೂಲ ‘ವಿಡಿಯೊ ಟಿಎಸ್’ ಫೋಲ್ಡರನ್ನು ಮಾತ್ರ ಅಳಿಸಬೇಡಿ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲೂ ಅದರ ಪ್ರತಿ ಇರಲಿ.