ಕೋಕೋ ಬೆರೆಸಿದ ಮಸಾಲೆ ಚಹಾ

ರಾಯಚೂರಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದ ಮೇಲೆ ಕುಡಿಯುವ ಖಡಕ್ ಚಹಾಕ್ಕೆ ಒಗ್ಗಿದ ನಾಲಿಗೆಗೆ ಕೋಕೋ ಬೆರೆತ ಚಹಾ ಮೊದಲ ಗುಟುಕಿನಲ್ಲಿ ಅಪರಿಚಿತವೆನಿಸಬಹುದು. ಅಳತೆ ತಪ್ಪದಿದ್ದರೆ ಎರಡನೆಯ ಗುಟುಕಿಗೇ ಹಿಡಿಸುತ್ತದೆ.

ಎರಡು ಲೋಟ ಚಹಾಕ್ಕೆ 200 ಮಿ.ಲೀ. ನೀರಿನಲ್ಲಿ ಜಜ್ಜಿದ ಶುಂಠಿ, 2 ಲವಂಗ ಮತ್ತು ಚಿಕ್ಕ ಚೂರು ಚಕ್ಕೆ ಹಾಕಿ 4 ನಿಮಿಷ ಕುದಿಸಬೇಕು. ಹಸಿ ಶುಂಠಿಯನ್ನು ನೇರವಾಗಿ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಂಭವವಿರುವುದರಿಂದ ಈ ಕ್ರಮವನ್ನು ಬದಲಿಸಬಾರದು. ಬಳಿಕ 2 ಚಿಕ್ಕ ಚಮಚ ಚಹಾಪುಡಿ, ಎರಡು ನಿಮಿಷ ಬಿಟ್ಟು 200 ಮಿ.ಲೀ. ಹಾಲು.

ಕೋಕೋ ಪುಡಿಯನ್ನು ನೇರವಾಗಿ ಪಾತ್ರೆಗೆ ಸುರಿದರೆ ಅದು ಗಂಟುಕಟ್ಟಿ ತೇಲುತ್ತದೆ. ಆದ್ದರಿಂದ 1 ಚಮಚ ಪುಡಿಗೆ 2 ಚಮಚ ಸಕ್ಕರೆ ಬೆರೆಸಿ, ಕುದಿಯುತ್ತಿರುವ ಚಹಾವನ್ನೇ ಸ್ವಲ್ಪಸ್ವಲ್ಪ ಹನಿಸುತ್ತ, ಚಮಚದ ಬೆನ್ನಿನಿಂದ ಬಟ್ಟಲಿನ ಅಂಚಿಗೆ ಒತ್ತಿ ಅರೆದು, ದೋಸೆಹಿಟ್ಟಿನ ಹದಕ್ಕೆ ಬಂದು ಹೊಳಪು ಕಂಡ ಮೇಲೆ ಪಾತ್ರೆಗೆ ಸೇರಿಸಬೇಕು. ಏಲಕ್ಕಿಯನ್ನು ಒಲೆ ಆರಿಸುವ ಮುನ್ನವಷ್ಟೇ ಹಾಕಿ. ಹೆಚ್ಚು ಕುದಿದರೆ ಅದರ ಪರಿಮಳ ಹಾರಿಹೋಗುತ್ತದೆ.

ಸೋಸಿದ ಕೂಡಲೇ ಕುಡಿಯದೆ ಒಂದು ನಿಮಿಷ ಆರಲು ಬಿಟ್ಟರೆ ಮೂಗಿಗೆ ಏಲಕ್ಕಿ, ನಾಲಿಗೆಗೆ ಕೋಕೋದ ಕಹಿ, ಗಂಟಲಿಗೆ ಶುಂಠಿಯ ಖಾರ ಬೇರೆಬೇರೆಯಾಗಿ ತಿಳಿಯುತ್ತವೆ. ಚಹಾದ ಒಗರೇ ಕಾಣದಿದ್ದರೆ ಕೋಕೋ ಹೆಚ್ಚಾಗಿದೆ ಎಂದೇ ಅರ್ಥ. ಕೋಕೋ ತಳದಲ್ಲಿ ಕೂರುವುದರಿಂದ ನಡುವೆ ಒಮ್ಮೆ ಕದಡಿಕೊಳ್ಳಬೇಕು.