ಹಳೇ ಕಾರಿನ ಪೆಟ್ರೋಲ್ ಪೈಪ್ ಬದಲಿಸುವುದು

ಮಂಡ್ಯ ಸೀಮೆಯಲ್ಲಿ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಬ್ಬಿನ ಪಾಕ) ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದರಿಂದಲೂ ತಯಾರಾಗುವ ಎಥನಾಲ್ ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೂ ಸೇರಿರುತ್ತದೆ. ಪದ್ಮಿನಿ, ಅಂಬಾಸಡರ್, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಕಾಲದ ಮಾರುತಿ 800ರ ರಬ್ಬರ್ ಪೈಪುಗಳು ಇಂಥ ಪೆಟ್ರೋಲಿಗೆಂದು ಮಾಡಿದವಲ್ಲ. ಹೊರಗೆ ನುಣ್ಣಗಿದ್ದರೂ ಒಳಪದರ ಉಬ್ಬಿ ದಾರಿ ಕಿರಿದಾಗುತ್ತದೆ. ಕಪ್ಪು ಚೂರುಗಳು ಉದುರಿ ಕಾರ್ಬ್ಯುರೇಟರಿನ ಸಣ್ಣ ರಂಧ್ರವಾದ ಜೆಟ್ ಕಟ್ಟಿಕೊಳ್ಳುತ್ತದೆ. ಬಾಗಿಸಿದಾಗ ಬಿರುಕು ಕಂಡರೆ, ಒತ್ತಿದಾಗ ಕಲ್ಲಿನಂತಿದ್ದರೆ ಅಥವಾ ಕೈಗೆ ಅಂಟಿದರೆ ಒಂದನ್ನೇ ಬದಲಿಸಬೇಡಿ. ಎಲ್ಲ ತುಂಡುಗಳಿಗೂ ಅಷ್ಟೇ ವಯಸ್ಸು.

ಪೈಪು ಯಾವ ಕಡೆಯದು ಎಂಬುದರ ಮೇಲೆ ತೊಂದರೆಯೂ ಬೇರೆ. ಟ್ಯಾಂಕಿನಿಂದ ಪಂಪಿನವರೆಗೆ ಎಳೆಯುವ ಕಡೆ. ಅಲ್ಲಿ ಬಿರುಕಿದ್ದರೆ ಒಂದು ತೊಟ್ಟೂ ಸೋರದೆ ಗಾಳಿ ಒಳನುಗ್ಗುತ್ತದೆ. ಊರೊಳಗೆ ಚೆನ್ನಾಗಿ ಓಡುವ ಕಾರು ಚಾಮುಂಡಿ ಬೆಟ್ಟದ ಏರಿನಲ್ಲಿ ಮುಗ್ಗರಿಸುತ್ತದೆ, ಜನ ಕಾರ್ಬ್ಯುರೇಟರ್ ಬಿಚ್ಚಿ ಕೂರುತ್ತಾರೆ. ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವುದು ತಳ್ಳುವ ಕಡೆ. ಅಲ್ಲಿ ಬಿರುಕಿದ್ದರೆ ಪೆಟ್ರೋಲ್ ಚಿಮ್ಮುತ್ತದೆ. ಅಂಬಾಸಡರಿನ ಹಳೇ ಪೆಟ್ರೋಲ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರಿನ ಕೆಳಗೇ ಎಂಜಿನ್ನಿನ ಹೊಗೆ ಹೊರಹೋಗುವ ಕಾದ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಇರುವುದನ್ನು ಮರೆಯಬೇಡಿ.

ಅಂಗಡಿಯಲ್ಲಿ ಬರೀ ‘ಪೆಟ್ರೋಲ್ ಪೈಪ್’ ಎಂದು ಕೇಳಿದರೆ ಸಾಲದು. ಪೈಪಿನ ಮೇಲೆ ‘ಎಸ್ಎಇ ಜೆ30 ಆರ್9’ ಎಂಬ ಗುಣಮಟ್ಟದ ಗುರುತು ಅಚ್ಚಾಗಿರಲಿ. ಅದರ ಒಳಪದರ ಫ್ಲೋರೋ ರಬ್ಬರಿನದು, ಎಥನಾಲ್ ತಡೆಯುತ್ತದೆ. ಆರ್6, ಆರ್7 ಕಾರ್ಬ್ಯುರೇಟರಿನ ಒತ್ತಡಕ್ಕೆ ಸಾಕಾದರೂ ಈಗಿನ ಪೆಟ್ರೋಲಿಗೆ ಆರ್9 ಮೇಲು. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ಕೆಲವೇ ತಿಂಗಳಲ್ಲಿ ಸೆಟೆದು ಒಡೆಯುತ್ತದೆ; ಸಿಲಿಕಾನ್ ಪೈಪ್ ಪೆಟ್ರೋಲಿಗೆ ಆಗಿಬರುವುದೇ ಇಲ್ಲ. ಅಳತೆಯನ್ನು ಹಳೇ ಪೈಪಿನಿಂದಲ್ಲ, ಪೈಪು ಕೂರುವ ಲೋಹದ ಮೂತಿ, ಅಂದರೆ ನಿಪ್ಪಲ್‌ನಿಂದ ವರ್ನಿಯರ್ ಕ್ಯಾಲಿಪರ್‌ನಲ್ಲಿ ತೆಗೆಯಿರಿ. ಸಾಮಾನ್ಯವಾಗಿ 6 ಅಥವಾ 8 ಮಿ.ಮೀ. ಇರುತ್ತದೆ. 6ರ ನಿಪ್ಪಲ್‌ಗೆ 8ರ ಪೈಪು ತೂರಿಸಿ ಕ್ಲಿಪ್ ಬಿಗಿದರೆ ರಬ್ಬರ್ ಮಡಿಚಿಕೊಂಡು ಆ ಮಡಿಕೆಯಲ್ಲೇ ಸೋರುತ್ತದೆ. ಎಲ್ಲ ತುಂಡುಗಳ ಉದ್ದ ಕೂಡಿಸಿ, ಅರ್ಧ ಮೀಟರ್ ಹೆಚ್ಚಿಗೆ ಕೊಳ್ಳಿ. ತುಂಡಿಗೆ ಎರಡು ಹೊಸ ಕ್ಲಿಪ್, ಜೊತೆಗೊಂದು ಹೊಸ ಫಿಲ್ಟರ್. ಕ್ಲಿಪ್‌ನ ಪಟ್ಟಿಯಲ್ಲಿ ಆರಪಾರ ಸೀಳಿರಬಾರದು. ಸೀಳಿದ್ದರೆ ರಬ್ಬರನ್ನು ಕತ್ತರಿಸುತ್ತದೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲುಭಾಗಕ್ಕಿಂತ ಕಡಿಮೆ ಇರುವಾಗ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿ ಕೆಲಸ ಹಿಡಿಯಿರಿ. ಗ್ಯಾರೇಜಿನ ಗುಂಡಿಯ ಮೇಲೆ ಬೇಡ: ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ತುಂಬಿಕೊಳ್ಳುತ್ತದೆ. ದೇವರ ಪಟದ ಮುಂದಿನ ಊದುಬತ್ತಿಯನ್ನೂ ಆರಿಸಿ. ಬ್ಯಾಟರಿಯ ನೆಗೆಟಿವ್ ಕಳಚಿ, ಒಣಪುಡಿಯ ಅಗ್ನಿಶಾಮಕವನ್ನು ಕೈಗೆ ಸಿಗುವಂತಿಡಿ.

ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಮಾರುತಿ 800ರಂತೆ ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪಿದ್ದರೆ ಎರಡಕ್ಕೂ ಗುರುತು ಕಟ್ಟಿ. ಅಂಟಿಕೊಂಡ ಪೈಪನ್ನು ಇಕ್ಕಳದಲ್ಲಿ ತಿರುಚಿ ಎಳೆದರೆ ಕಾರ್ಬ್ಯುರೇಟರಿನ ನಿಪ್ಪಲ್ ಸಡಿಲವಾಗುತ್ತದೆ, ಮುರಿದರೂ ಮುರಿಯಿತು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಸುಲಿಯಿರಿ. ಲೋಹಕ್ಕೆ ಗೀರು ಬಿದ್ದರೆ ಹೊಸ ಪೈಪೂ ಸೋರೀತು. ಟ್ಯಾಂಕಿನ ಕಡೆಯ ಬಾಯಿ ಬಿಚ್ಚಿದೊಡನೆ ತುಂಡು ಪೈಪಿಗೆ ಬೋಲ್ಟ್ ತುರುಕಿ ಅದನ್ನು ಬಿರಡೆಯಾಗಿ ಹಾಕಿ.

ಹೊಸ ಪೈಪನ್ನು ಹರಿತ ಬ್ಲೇಡಿನಿಂದ ನೇರ ಕತ್ತರಿಸಿ. ಹ್ಯಾಕ್‌ಸಾ ಬಳಸಿದರೆ ರಬ್ಬರಿನ ಪುಡಿ ಒಳಗುಳಿದು ಜೆಟ್ಟಿಗೆ ಹೋಗುತ್ತದೆ. ಮೊದಲು ಕ್ಲಿಪ್ ಏರಿಸಿಕೊಂಡು, ಬಾಯಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ನಿಪ್ಪಲ್‌ನ ಉಬ್ಬು ದಾಟಿ ಬುಡದವರೆಗೆ ತಳ್ಳಿ. ಕ್ಲಿಪ್ ಉಬ್ಬಿನ ಹಿಂದೆ, ಪೈಪಿನ ತುದಿಯಿಂದ ಸುಮಾರು 3 ಮಿ.ಮೀ. ಒಳಗೆ ಕೂರಬೇಕು. ಪಟ್ಟಿಯ ಪಕ್ಕದಿಂದ ರಬ್ಬರ್ ಉಬ್ಬಿ ಬಂದರೆ ಬಿಗಿ ಹೆಚ್ಚಾಯಿತೆಂದೇ ಅರ್ಥ. ಫಿಲ್ಟರಿನ ಬಾಣ ಕಾರ್ಬ್ಯುರೇಟರಿನ ಕಡೆಗಿರಲಿ. ಪೈಪು ಎಗ್ಸಾಸ್ಟಿನಿಂದ ನಾಲ್ಕು ಬೆರಳು ದೂರವಿರಲಿ. ತಗಡಿನ ತೂತಿನಲ್ಲಿ ಹಾಯುವ ಕಡೆ ಗ್ರೊಮೆಟ್ (ರಬ್ಬರ್ ಬಳೆ) ಹಾಕಿ.

ಡಿಕ್ಕಿಯೊಳಗಿನ, ಟ್ಯಾಂಕಿಗೆ ಪೆಟ್ರೋಲ್ ಹಾಕುವ ಫಿಲ್ಲರ್ ಪೈಪಿನ ದಪ್ಪ ರಬ್ಬರನ್ನೂ ನೋಡಿಬಿಡಿ. ಟ್ಯಾಂಕ್ ತುಂಬಿಸಿ ತಿರುವು ತೆಗೆದುಕೊಂಡಾಗ ಕಾರಿನೊಳಗೆ ವಾಸನೆ ಬರುತ್ತಿದ್ದರೆ ಮೊದಲ ಅನುಮಾನ ಅದರ ಮೇಲೇ.

ಪಂಪಿನಲ್ಲಿ ಕೈ ಲಿವರ್ ಇದ್ದರೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಹತ್ತಿಪ್ಪತ್ತು ಸಲ ಒತ್ತಿ, ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಿ. ಆಮೇಲೆ ಬ್ಯಾಟರಿ ಜೋಡಿಸಿ, ಎಂಜಿನ್ 5 ನಿಮಿಷ ಓಡಿಸಿ, ಆಫ್ ಮಾಡಿ, ಬಿಸಿ ಇರುವಾಗಲೇ ಮತ್ತೆ ಒರೆಸಿ. ಕಾಗದ ಒದ್ದೆಯಾಗದಿದ್ದರೆ ಬೆಟ್ಟ ಹತ್ತಿಸಿ ನೋಡಬಹುದು. ಹೊಸ ರಬ್ಬರ್ ಕೊಂಚ ಕುಸಿಯುವುದರಿಂದ 100 ಕಿ.ಮೀ. ಆದ ಮೇಲೆ ಎಲ್ಲ ಕ್ಲಿಪ್‌ಗಳಿಗೂ ಇನ್ನೊಮ್ಮೆ ಸ್ಕ್ರೂಡ್ರೈವರ್ ತಾಗಿಸಿ.